ಪುಷ್ಕರನ ಆಟ, ದಮಯಂತಿಯ ಆಟ: ನಳೋಪಾಖ್ಯಾನದ ಬೆಳಕಿನಲ್ಲಿ ಕಥನಾತ್ಮಕ ವಿಡಿಯೊ ಗೇಮ್

1

ಕನ್ನಡದಲ್ಲಿ ‘ಆಟ’ ಎಂಬ ಪದದ ಅರ್ಥವ್ಯಾಪ್ತಿ ಬಹಳ ವಿಸ್ತಾರವಾದುದು. ಮಕ್ಕಳ ಗೋಲಿಯೂ ಆಟ, ಹಬ್ಬದ ಪಗಡೆಯೂ ಆಟ, ಹಣವಿಟ್ಟು ಆಡುವ ಇಸ್ಪೀಟೂ ಆಟ. ಇವುಗಳೊಂದಿಗೆ ಕಥೆಯನ್ನು ಕಟ್ಟಿ ತೋರಿಸುವ ಕಲೆಗಳನ್ನೂ ನಮ್ಮ ಜನ ಇದೇ ಪದದಿಂದ ಗುರುತಿಸಿದ್ದಾರೆ. ಬಯಲಾಟ, ದೊಡ್ಡಾಟ, ಸಣ್ಣಾಟ, ಗೊಂಬೆಯಾಟ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳ್ಳಿಗಳಲ್ಲಿ ‘ರಾತ್ರಿ ಆಟ ಐತೆ’ ಎಂದರೆ ಕೇಳಿದವರು ಪಗಡೆಯ ಹಾಸನ್ನು ನೆನೆಯುವುದಿಲ್ಲ. ವೇಷವನ್ನೂ ಕಥೆಯನ್ನೂ ನೆನೆಯುತ್ತಾರೆ. ಆದ್ದರಿಂದ ಆಟವೊಂದು ಕಥೆ ಹೇಳಬಲ್ಲದು, ಆಡುವವನು ವೇಷ ತೊಟ್ಟು ಇನ್ನೊಬ್ಬನಾಗಬಲ್ಲನು ಎಂಬುದು ಕನ್ನಡಿಗನಿಗೆ ಹೊಸ ವಿಚಾರವಲ್ಲ.

ಹೀಗಿದ್ದರೂ ಕಳೆದ ಎರಡು ದಶಕಗಳಲ್ಲಿ ಬೆಳೆದುಬಂದಿರುವ ಕಥನಾತ್ಮಕ ವಿಡಿಯೊ ಗೇಮ್‌ಗಳ ಬಗ್ಗೆ ಕನ್ನಡ ವಿಮರ್ಶೆ ಬಹುಮಟ್ಟಿಗೆ ಮೌನವಾಗಿದೆ. ಇವುಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆ ಎರಡು ನೆಲೆಗಳಿಗೆ ಸೀಮಿತವಾಗಿದೆ. ಮೊದಲನೆಯದು ವೈದ್ಯಕೀಯ ನೆಲೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಗೆ ಸಂಬಂಧಿಸಿದ ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ, 2022ರಿಂದ ಜಾರಿಗೆ ಬಂದ ರೋಗವರ್ಗೀಕರಣದಲ್ಲಿ ಗೇಮಿಂಗ್ ವ್ಯಸನಕ್ಕೆ ಸ್ಥಾನ ದೊರೆತಿದೆ. ಎರಡನೆಯದು ಕಾನೂನಿನ ನೆಲೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದರ ಮುಖ್ಯ ವಿಧಿಗಳನ್ನು ಉಚ್ಚ ನ್ಯಾಯಾಲಯ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರಲ್ಲಿ ಕೇಂದ್ರ ಸರ್ಕಾರವೇ ಹಣದ ಆಟಗಳನ್ನು ನಿಷೇಧಿಸುವ ಕಾನೂನನ್ನು ರೂಪಿಸಿತು.

ಈ ಎರಡೂ ನೆಲೆಗಳು ಅಗತ್ಯವಾದವು. ಆದರೆ ವೈದ್ಯಶಾಸ್ತ್ರ ಕೇಳುವುದು ‘ಎಷ್ಟು ಹೊತ್ತು ಆಡಿದೆ?’ ಎಂದು, ಕಾನೂನು ಕೇಳುವುದು ‘ಹಣವಿತ್ತೇ?’ ಎಂದು. ‘ಆ ಆಟ ನಿನಗೇನು ಹೇಳಿತು?’ ಎಂಬ ಪ್ರಶ್ನೆಯನ್ನು ಕೇಳಬೇಕಾದದ್ದು ಸಾಹಿತ್ಯ ವಿಮರ್ಶೆ. ಕಷ್ಟದಲ್ಲಿರುವ ತರುಣನೊಬ್ಬ ಕೋಣೆಯ ಬಾಗಿಲು ಹಾಕಿಕೊಂಡು ಆಟದಲ್ಲಿ ಮುಳುಗಿದಾಗ ಅವನು ಕಷ್ಟದಿಂದ ಓಡಿಹೋಗುತ್ತಿದ್ದಾನೆಯೇ, ಕಷ್ಟದ ಬಳಿಗೆ ಹೋಗುವ ದಾರಿಯನ್ನು ಹುಡುಕುತ್ತಿದ್ದಾನೆಯೇ? ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ಇವೆರಡರ ನಡುವಿನ ವ್ಯತ್ಯಾಸವನ್ನು ಗುರುತಿಸಲು ಬೇಕಾದ ಮಾನದಂಡ ನಮ್ಮ ಕಥನ ಪರಂಪರೆಯಲ್ಲಿಯೇ, ವಿಶೇಷವಾಗಿ ನಳನ ಕಥೆಯಲ್ಲಿ ಇದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ನಳನ ಕಥೆ ಕನ್ನಡಕ್ಕೆ ಬಹು ಆಪ್ತವಾದುದು. ರಾಷ್ಟ್ರಕೂಟರ ಆಸ್ಥಾನದಲ್ಲಿದ್ದ ತ್ರಿವಿಕ್ರಮಭಟ್ಟನು ಹತ್ತನೆಯ ಶತಮಾನದ ಆದಿಯಲ್ಲಿ ಸಂಸ್ಕೃತದಲ್ಲಿ ‘ನಳಚಂಪು’ವನ್ನು ರಚಿಸಿದನು. ಚೌಂಡರಸನು ಕನ್ನಡದಲ್ಲಿ ಅದೇ ಹೆಸರಿನ ಚಂಪೂಕಾವ್ಯವನ್ನು ಬರೆದನು. ದಾವಣಗೆರೆ ಜಿಲ್ಲೆಗೆ ನೆರೆಯ ಹಾವೇರಿ ಸೀಮೆಯ ಬಾಡ ಗ್ರಾಮದವರಾದ ಕನಕದಾಸರು ಭಾಮಿನಿ ಷಟ್ಪದಿಯ ಒಂಬತ್ತು ಸಂಧಿಗಳಲ್ಲಿ ‘ನಳಚರಿತ್ರೆ’ಯನ್ನು ರಚಿಸಿ, ಈ ಕಥೆಯನ್ನು ಗಮಕಿಗಳ ಕಂಠಕ್ಕೂ ಸಾಮಾನ್ಯರ ಕಿವಿಗೂ ತಲುಪಿಸಿದರು. ಇವೆಲ್ಲಕ್ಕೂ ಮೂಲ ಮಹಾಭಾರತದ ಅರಣ್ಯಪರ್ವದ ನಳೋಪಾಖ್ಯಾನ. ಕಥೆಯ ಘಟನೆಗಳನ್ನು ಇಲ್ಲಿ ಆ ಮೂಲದಿಂದಲೇ ತೆಗೆದುಕೊಳ್ಳಲಾಗಿದೆ.

ಮೊದಲಿಗೆ ಕಥೆಯ ಚೌಕಟ್ಟನ್ನು ಗಮನಿಸಬೇಕು. ಈ ಕಥೆಯನ್ನು ಬೃಹದಶ್ವ ಮುನಿ ಹೇಳುವುದು ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಕಾಡಿಗೆ ಬಂದ ಧರ್ಮರಾಯನಿಗೆ. ಆಟದಿಂದ ಕೆಟ್ಟವನಿಗೆ ಆಟದಿಂದ ಕೆಟ್ಟವನ ಕಥೆಯನ್ನೇ ಹೇಳಲಾಗುತ್ತದೆ. ಮುನಿ ಅವನಿಗೆ ‘ಇನ್ನು ಆಟವನ್ನು ಮುಟ್ಟಬೇಡ’ ಎಂದು ಉಪದೇಶಿಸುವುದಿಲ್ಲ. ಕಥೆ ಮುಗಿದ ಮೇಲೆ ದಾಳಗಳ ಮರ್ಮವಾದ ಅಕ್ಷಹೃದಯವನ್ನು ಕಲಿಸಿ ಹೋಗುತ್ತಾನೆ. ಮುಂದೆ ಅಜ್ಞಾತವಾಸದಲ್ಲಿ ಧರ್ಮರಾಯ ವಿರಾಟನ ಆಸ್ಥಾನದಲ್ಲಿ ಕಂಕನೆಂಬ ಹೆಸರಿನಿಂದ ದ್ಯೂತವನ್ನು ಬಲ್ಲವನಾಗಿಯೇ ಸೇರಿಕೊಳ್ಳುತ್ತಾನೆ. ಕೆಡಿಸಿದ ವಿದ್ಯೆಯೇ ಕಾಯುವ ವಿದ್ಯೆಯಾಗುತ್ತದೆ. ಭಾರತದ ಕವಿಗೆ ಆಟದ ಬಗ್ಗೆ ಭಯವಿದೆ, ಆದರೆ ಆ ಭಯ ಕುರುಡಾದುದಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಳನ ಕಥೆಯಲ್ಲಿ ಎರಡು ಬಗೆಯ ಆಟಗಳಿವೆ. ಒಂದು ಪುಷ್ಕರನದು. ಕಲಿ ನಳನ ದೇಹವನ್ನು ಹೊಕ್ಕ ಮೇಲೆ ನಡೆಯುವ ಈ ಆಟ ತಿಂಗಳುಗಟ್ಟಲೆ ಸಾಗುತ್ತದೆ. ಪ್ರಜೆಗಳು, ಮಂತ್ರಿಗಳು ಬಾಗಿಲಿಗೆ ಬಂದು ನಿಂತರೂ ನಳ ತಲೆಯೆತ್ತಿ ನೋಡುವುದಿಲ್ಲ. ದಮಯಂತಿಯ ಮಾತಿಗೂ ಉತ್ತರವಿಲ್ಲ. ಪುಷ್ಕರನ ಆಟದ ಲಕ್ಷಣವೇ ಇದು: ಅದು ಹೊರಗಿನ ಕರೆಯನ್ನು ಕೇಳಗೊಡುವುದಿಲ್ಲ. ಎಲ್ಲವನ್ನೂ ಸೋತು ಉಟ್ಟ ಬಟ್ಟೆಯಲ್ಲಿ ಕಾಡಿಗೆ ಬಂದ ಮೇಲೆಯೂ ಆಟ ಅವನನ್ನು ಬಿಡುವುದಿಲ್ಲ. ಹಸಿವಿಗಾಗಿ ಹಕ್ಕಿಗಳನ್ನು ಹಿಡಿಯಲು ಅವನು ಬೀಸಿದ ಬಟ್ಟೆಯನ್ನೇ ಎತ್ತಿಕೊಂಡು ಹಾರುವ ಆ ಹಕ್ಕಿಗಳು, ತಾವು ದಾಳಗಳೆಂದು ಹೇಳಿ ಹೋಗುತ್ತವೆ.

ಇಲ್ಲಿ ಸೂಕ್ಷ್ಮವಾದ ಒಂದು ಅಂಶವಿದೆ. ದಮಯಂತಿಯನ್ನು ಪಣವಾಗಿಡೆಂದು ಪುಷ್ಕರ ಕೆಣಕಿದಾಗ ನಳ ಒಪ್ಪುವುದಿಲ್ಲ. ಈ ವಿಷಯದಲ್ಲಿ ಅವನು ಧರ್ಮರಾಯನಿಗಿಂತ ಮೇಲೆಂದು ತೋರುತ್ತಾನೆ. ಆದರೆ ಆಟದ ಹಾಸಿನ ಮೇಲೆ ಇಡದ ಅವಳನ್ನು ಅವನು ಕಾಡಿನಲ್ಲಿ, ನಿದ್ದೆಯಲ್ಲಿ, ಅರ್ಧ ಬಟ್ಟೆಯಲ್ಲಿ ಬಿಟ್ಟುಹೋಗುತ್ತಾನೆ. ಹೋಗುವುದು, ಮರಳಿ ಬಂದು ನೋಡುವುದು, ಮತ್ತೆ ಹೋಗುವುದು ಹಲವು ಬಾರಿ ನಡೆದು ಕೊನೆಗೆ ಹೋಗುವುದೇ ಗೆಲ್ಲುತ್ತದೆ. ನಳನ ನಿಜವಾದ ಸೋಲು ದಾಳದ್ದಲ್ಲ, ಈ ರಾತ್ರಿಯದು. ಪಲಾಯನದ ಬೆಲೆಯನ್ನು ಓಡಿಹೋದವನಿಗಿಂತ ಮೊದಲು ತೆರುವವರು ಹಿಂದೆ ಉಳಿದವರು. ಪಲಾಯನವನ್ನು ಕುರಿತ ಯಾವ ಕೃತಿಯನ್ನೇ ಆಗಲಿ, ಹಿಂದೆ ಉಳಿದವರನ್ನು ಅದು ಕಾಣಿಸುತ್ತದೆಯೇ ಎಂದು ಕೇಳಬೇಕಾದದ್ದು ಇದಕ್ಕಾಗಿ.

3

ಪ್ರಗತಿಶೀಲ ಸಾಹಿತ್ಯದ ಚರ್ಚೆಗಳಿಂದ ಈಚೆಗೆ ‘ಪಲಾಯನವಾದ’ ಎಂಬುದು ಕನ್ನಡ ವಿಮರ್ಶೆಯಲ್ಲಿ ದೋಷಾರೋಪದ ಪದವಾಗಿಯೇ ಬಳಕೆಯಲ್ಲಿದೆ. ಆದರೆ ಮರೆಯಾಗುವುದೆಲ್ಲವೂ ಪಲಾಯನವಲ್ಲ. ಇಂಗ್ಲಿಷ್ ಲೇಖಕ ಟೋಲ್ಕಿನ್ 1939ರಲ್ಲಿ ನೀಡಿದ, ಅದ್ಭುತ ಕಥೆಗಳನ್ನು ಕುರಿತ ಉಪನ್ಯಾಸದಲ್ಲಿ ಸೆರೆಯಾಳು ಸೆರೆಯಿಂದ ಪಾರಾಗುವುದನ್ನೂ ಸೈನಿಕ ರಣರಂಗದಿಂದ ಓಡಿಹೋಗುವುದನ್ನೂ ಒಂದೇ ಎಂದು ತಿಳಿಯಬಾರದೆಂದು ವಾದಿಸಿದನು. ಉಪಯುಕ್ತವಾದ ವಿಂಗಡಣೆ ಇದು. ಆದರೆ ನಳನ ಕಥೆ ಇದಕ್ಕೆ ಮೂರನೆಯದೊಂದನ್ನು ಸೇರಿಸುತ್ತದೆ: ಗಾಯಗೊಂಡವನ ತಂಗುದಾಣ.

ಕಾಡುಗಿಚ್ಚಿನಿಂದ ತನ್ನನ್ನು ಕಾಪಾಡಿದ ನಳನನ್ನು ಕಾರ್ಕೋಟಕ ಕಚ್ಚುತ್ತಾನೆ. ನಳ ಕುರೂಪಿಯಾಗಿ ಬಾಹುಕನಾಗುತ್ತಾನೆ. ಆ ವಿಷ ಸುಡುವುದು ನಳನನ್ನಲ್ಲ, ಅವನೊಳಗೆ ಕುಳಿತ ಕಲಿಯನ್ನು. ವೇಷ ಇಲ್ಲಿ ಮರೆವಲ್ಲ, ಚಿಕಿತ್ಸೆ. ಅಯೋಧ್ಯೆಯ ಋತುಪರ್ಣನ ಲಾಯದಲ್ಲಿ ದುಡಿಯುವ ಬಾಹುಕ ಪ್ರತಿ ಸಂಜೆ, ಹಸಿವು ಬಾಯಾರಿಕೆಗಳಿಂದ ಬಳಲಿದ ಆಕೆ ಈಗ ಎಲ್ಲಿ ಮಲಗಿರುವಳೋ ಎಂಬ ಅರ್ಥದ ಶ್ಲೋಕವೊಂದನ್ನು ಹೇಳಿಕೊಳ್ಳುತ್ತಾನೆ. ಜೊತೆಯವನು ಕೇಳಿದರೆ ಇನ್ನಾರದೋ ಕಥೆಯೆಂಬಂತೆ ಹೇಳುತ್ತಾನೆ. ತನ್ನ ದುಃಖವನ್ನು ತನ್ನದೆಂದು ಹೇಳಲಾಗದವನು ಅದನ್ನು ಪರರ ಕಥೆಯಾಗಿ ಹೇಳುತ್ತಾನೆ. ಕಥನ ಹುಟ್ಟುವ ನೆಲೆಗಳಲ್ಲಿ ಇದೂ ಒಂದು. ಪುಷ್ಕರನ ಎದುರು ಕುಳಿತಿದ್ದ ನಳ ಹೆಂಡತಿಯನ್ನು ಮರೆತಿದ್ದನು. ಬಾಹುಕನ ವೇಷದಲ್ಲಿರುವ ನಳ ಅವಳನ್ನು ಒಂದು ಸಂಜೆಯೂ ಮರೆಯುವುದಿಲ್ಲ. ಪಲಾಯನಕ್ಕೂ ತಂಗುದಾಣಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಬಹಳ ದೊಡ್ಡ ವ್ಯತ್ಯಾಸ.

ಇನ್ನು ಎರಡನೆಯ ಆಟ, ದಮಯಂತಿಯದು. ಆಕೆ ಅಳುತ್ತ ಕಾಯುವ ನಾಯಿಕೆ ಮಾತ್ರವಲ್ಲ. ಬ್ರಾಹ್ಮಣರಿಗೆ ಒಂದು ಪ್ರಶ್ನೆಯನ್ನು ಕಲಿಸಿ ಊರೂರಿಗೆ ಕಳುಹಿಸುತ್ತಾಳೆ. ನಳನಲ್ಲದೆ ಮತ್ತಾರೂ ಅದಕ್ಕೆ ಉತ್ತರ ಕೊಡಲಾರರು. ಅಯೋಧ್ಯೆಯಿಂದ ಉತ್ತರ ಬಂದಾಗ ಮರುದಿನವೇ ತನ್ನ ಎರಡನೆಯ ಸ್ವಯಂವರವೆಂದು ಋತುಪರ್ಣನೊಬ್ಬನಿಗೇ ಸುದ್ದಿ ಮುಟ್ಟಿಸುತ್ತಾಳೆ. ಒಂದೇ ದಿನದಲ್ಲಿ ಅಷ್ಟು ದೂರ ರಥ ನಡೆಸಬಲ್ಲವನು ನಳನೊಬ್ಬನೇ. ಬಾಹುಕ ಬಂದ ಮೇಲೆ ಕೇಶಿನಿ ಎಂಬ ದಾಸಿಯನ್ನು ಕಳುಹಿಸಿ ಅವನು ಬೆಂಕಿ ಹೊತ್ತಿಸುವ, ನೀರು ತುಂಬಿಸುವ ರೀತಿಯನ್ನು ನೋಡಿಸುತ್ತಾಳೆ. ಅವನ ಅಡುಗೆಯ ರುಚಿ ನೋಡುತ್ತಾಳೆ. ಕೊನೆಗೆ ಮಕ್ಕಳನ್ನೇ ಎದುರಿಗೆ ಕಳುಹಿಸುತ್ತಾಳೆ. ಹಂತಹಂತವಾಗಿ ಕಠಿಣವಾಗುತ್ತ ಹೋಗುವ, ಪ್ರತಿ ಹಂತದಲ್ಲಿಯೂ ಆಡುವವನ ಒಂದೊಂದು ಮುಸುಕು ಕಳಚುವ ಆಟ ಇದು. ಪುಷ್ಕರನ ಆಟ ನಳನನ್ನು ಮನೆಯಿಂದ ಹೊರಹಾಕಿತು. ದಮಯಂತಿಯ ಆಟ ಅವನನ್ನು ಮನೆಗೆ ಕರೆತಂದಿತು.

ಈ ಎರಡು ಆಟಗಳ ನಡುವೆ ತಾರೆಮರದ ಪ್ರಸಂಗವಿದೆ. ದಾರಿಯಲ್ಲಿ ಮರವೊಂದರ ಎಲೆ, ಕಾಯಿಗಳ ಲೆಕ್ಕವನ್ನು ಋತುಪರ್ಣ ಕಣ್ಣಳತೆಯಲ್ಲಿ ಹೇಳುತ್ತಾನೆ. ಅವಸರವಿದ್ದರೂ ನಳ ರಥ ನಿಲ್ಲಿಸಿ, ಮರ ಕಡಿದು ಎಣಿಸಿ ನೋಡುತ್ತಾನೆ. ಅಶ್ವಹೃದಯವನ್ನು ಕೊಡುವೆನೆಂದು ಒಪ್ಪಿ ಅಕ್ಷಹೃದಯವನ್ನು ಪಡೆಯುತ್ತಾನೆ. ಆ ಕ್ಷಣದಲ್ಲಿ ಕಲಿ ಅವನ ದೇಹದಿಂದ ಹೊರಬೀಳುತ್ತಾನೆ. ಈ ಮರ ವಿಭೀತಕ, ನಮ್ಮ ತಾರೆ. ವೇದಕಾಲದಲ್ಲಿ ಜೂಜಿಗೆ ಬಳಸುತ್ತಿದ್ದದ್ದು ಇದರದೇ ಕಾಯಿಗಳನ್ನು. ಋಗ್ವೇದದ ಹತ್ತನೆಯ ಮಂಡಲದ ಜೂಜುಗಾರನ ಸೂಕ್ತದಲ್ಲಿ ಇದರ ಹೆಸರಿದೆ. ಅಳಲೆ, ನೆಲ್ಲಿಗಳೊಡನೆ ಕೂಡಿ ತ್ರಿಫಲವಾಗಿ ಮನೆಮನೆಯ ಔಷಧವಾದದ್ದೂ ಇದೇ ಕಾಯಿ. ನಳನನ್ನು ಗುಣಪಡಿಸಿದ್ದು ದಾಳದಿಂದ ದೂರ ಓಡಿದ್ದಲ್ಲ, ದಾಳ ಬೆಳೆಯುವ ಮರದಡಿ ನಿಂತು ಒಂದೊಂದಾಗಿ ಎಣಿಸಿದ್ದು. ಕಷ್ಟವನ್ನು ಎದುರಿಸುವುದೆಂದರೆ ಅದರ ಲೆಕ್ಕವನ್ನು ತಾನೇ ಮಾಡುವುದು ಎಂಬುದು ಈ ಪ್ರಸಂಗದ ಧ್ವನಿ.

4

ಈ ಮಾನದಂಡದಿಂದ ಇಂದಿನ ಎರಡು ವಿಡಿಯೊ ಗೇಮ್‌ಗಳನ್ನು ಪರಿಶೀಲಿಸಬಹುದು. ಇವೆರಡೂ ಹಣದ ಪಣವಿಲ್ಲದ, ಒಬ್ಬನೇ ಆಡುವ, ಕಥೆಯೇ ಪ್ರಧಾನವಾದ ಆಟಗಳು. ಆದ್ದರಿಂದ ಕಾನೂನಿನ ವಿಂಗಡಣೆ ಇವುಗಳ ವಿಷಯದಲ್ಲಿ ನಮಗೆ ನೆರವಾಗುವುದಿಲ್ಲ.

2020ರ ಡಿಸೆಂಬರಿನಲ್ಲಿ ಬಿಡುಗಡೆಯಾದ ‘ಒಮೊರಿ’ ಆಟದ ನಾಯಕ ಸನ್ನಿ ಎಂಬ ಹುಡುಗ. ಅಕ್ಕ ಮಾರಿಯ ಸಾವಿನ ನಂತರ ಅವನು ವರ್ಷಗಳಿಂದ ಮನೆಯಿಂದ ಹೊರಬಂದಿಲ್ಲ. ಕನಸಿನ ಲೋಕವೊಂದರಲ್ಲಿ ಒಮೊರಿ ಎಂಬ ಪ್ರತಿರೂಪವಾಗಿ, ಬಾಲ್ಯದ ಗೆಳೆಯರೊಡನೆ, ಜೀವಂತವಾಗಿರುವ ಅಕ್ಕನೊಡನೆ ಬದುಕುತ್ತಾನೆ. ಆ ಲೋಕ ಬಣ್ಣಗಳಿಂದ, ನಗೆಚಾಟಿಕೆಗಳಿಂದ ತುಂಬಿದೆ. ಆಡುವವನಿಗೂ ಅಲ್ಲಿಂದ ಹೊರಬರಲು ಮನಸ್ಸಾಗುವುದಿಲ್ಲ. ವಾಸ್ತವ ಲೋಕದಲ್ಲಿ ಸನ್ನಿಯ ಕುಟುಂಬ ಮೂರು ದಿನಗಳಲ್ಲಿ ಊರು ಬಿಡಲಿದೆ. ಹಳೆಯ ಗೆಳೆಯ ಕೆಲ್ ಬಂದು ಬಾಗಿಲು ತಟ್ಟುತ್ತಾನೆ. ಬಾಗಿಲು ತೆರೆಯುವುದೋ ಬಿಡುವುದೋ ಆಡುವವನ ಕೈಯಲ್ಲಿದೆ.

ಈ ಬಾಗಿಲು ಇಡೀ ಕೃತಿಯ ಕೇಂದ್ರ. ತೆರೆಯದಿದ್ದರೂ ಆಟ ಮುಗಿಯುವುದಿಲ್ಲ. ಕನಸಿನ ಲೋಕ ಇನ್ನಷ್ಟು ವಿಸ್ತರಿಸುತ್ತದೆ, ಹೊಸ ಜಾಗಗಳು ತೆರೆದುಕೊಳ್ಳುತ್ತವೆ. ಪಲಾಯನ ಬಡವಾದುದೆಂದು, ನೀರಸವೆಂದು ಈ ಕೃತಿ ಸುಳ್ಳು ಹೇಳುವುದಿಲ್ಲ. ಅದು ಸಮೃದ್ಧವಾಗಿಯೇ ಇದೆ. ಆದರೆ ಅಲ್ಲಿ ಇಲ್ಲದ್ದು ಒಂದೇ, ಸತ್ಯ. ನಿಷಧದ ಅರಮನೆಯ ಬಾಗಿಲಲ್ಲಿ ನಿಂತ ಪ್ರಜೆಗಳ ಕರೆ ನಳನಿಗೆ ಕೇಳಿಸಲಿಲ್ಲ. ಇಲ್ಲಿ ಆ ಕರೆ ಆಡುವವನ ಕಿವಿಗೆ ಬೀಳುತ್ತದೆ, ಆಯ್ಕೆಯ ಹೊಣೆ ಅವನ ಮೇಲೆಯೇ ಬೀಳುತ್ತದೆ. ಕಾವ್ಯದ ಓದುಗ ನಳನನ್ನು ದೂಷಿಸಿ ಪಾರಾಗಬಹುದು. ಬಾಗಿಲು ತೆರೆಯದೆ ಕುಳಿತ ಆಟಗಾರನಿಗೆ ದೂಷಿಸಲು ತನ್ನನ್ನು ಬಿಟ್ಟು ಬೇರಾರೂ ಇಲ್ಲ. ಇದು ಈ ಮಾಧ್ಯಮಕ್ಕೆ ಮಾತ್ರ ಸಾಧ್ಯವಾದ ಪರಿಣಾಮ.

ಬಾಗಿಲು ತೆರೆದವನು ಎದುರಿಸಬೇಕಾದ ಸತ್ಯ ಕಠಿಣವಾದುದು. ಅಕ್ಕನ ಸಾವಿಗೆ ಜಗಳದ ನಡುವೆ ತಾನೇ ಕಾರಣನಾದದ್ದು, ಗೆಳೆಯ ಬೇಸಿಲ್‌ನೊಡನೆ ಅದನ್ನು ಮುಚ್ಚಿಟ್ಟದ್ದು, ಇವು ಛಿದ್ರಗೊಂಡ ಚಿತ್ರಗಳಾಗಿ ಒಂದೊಂದೇ ಹೊರಬರುತ್ತವೆ. ಆಡುವವನೇ ಅವನ್ನು ಜೋಡಿಸಬೇಕು. ಇದು ತಾರೆಮರದ ಎಣಿಕೆಗೆ ಸಮಾನವಾದ ಕ್ರಿಯೆ. ಕೊನೆಯ ಕಾಳಗ ಸನ್ನಿಗೂ ಅವನದೇ ಪ್ರತಿರೂಪವಾದ ಒಮೊರಿಗೂ ನಡೆಯುತ್ತದೆ. ಒಮೊರಿಯನ್ನು ಹೊಡೆದು ಸೋಲಿಸಲು ಸಾಧ್ಯವಿಲ್ಲ. ಪ್ರತಿ ಬಾರಿಯೂ ಅವನು ಮತ್ತೆ ಎದ್ದು ನಿಲ್ಲುತ್ತಾನೆ. ಸೋತ ಮೇಲೂ ಮುಂದುವರಿಯಲು ಆಡುವವನು ಒಪ್ಪಿದರೆ, ಸನ್ನಿ ಬಿಟ್ಟುಬಿಟ್ಟಿದ್ದ ಪಿಟೀಲನ್ನು ಎತ್ತಿಕೊಂಡು ನುಡಿಸುತ್ತಾನೆ. ವೇಷ ತಾನಾಗಿ ಕಳಚುತ್ತದೆ. ಆಸ್ಪತ್ರೆಯಲ್ಲಿ ಎಚ್ಚೆತ್ತು, ಗೆಳೆಯರ ಮುಂದೆ ಸತ್ಯವನ್ನು ಹೇಳಲು ಬಾಯಿ ತೆರೆಯುವಲ್ಲಿಗೆ ಕಥೆ ಮುಗಿಯುತ್ತದೆ.

ಎರಡನೆಯ ಆಟ 2012ರಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ಬಂದ ‘ಪಾಪೊ ಆ್ಯಂಡ್ ಯೊ’. ಕೊಲಂಬಿಯಾ ಮೂಲದ ವಾಂಡರ್ ಕಬಾಲೆರೊ ಇದರ ನಿರ್ಮಾತೃ. ಮದ್ಯವ್ಯಸನಿ ತಂದೆಯೊಡನೆ ಕಳೆದ ತಮ್ಮ ಬಾಲ್ಯವೇ ಇದರ ಮೂಲವೆಂದು ಅವರು ಹೇಳಿದ್ದಾರೆ. ಕುಡಿದ ತಂದೆಗೆ ಹೆದರಿ ಬೀರುವಿನೊಳಗೆ ಅಡಗಿ ಕುಳಿತ ಬಾಲಕ ಕಿಕೊ, ಸೀಮೆಸುಣ್ಣದ ಗೆರೆಯೊಂದರ ಮೂಲಕ ಮಾಯಾನಗರವೊಂದನ್ನು ಹೊಗುತ್ತಾನೆ. ಅಲ್ಲಿ ಅವನಿಗೊಂದು ದೈತ್ಯ ಪ್ರಾಣಿ ಜೊತೆಯಾಗುತ್ತದೆ. ಸಾಧಾರಣವಾಗಿ ಅದು ಸಾಧು. ಆದರೆ ಕಪ್ಪೆಗಳನ್ನು ಕಂಡರೆ ತಿನ್ನದೆ ಬಿಡದು, ತಿಂದರೆ ಬೆಂಕಿಯುಗುಳುತ್ತ ಬಾಲಕನನ್ನೇ ಎತ್ತಿ ಬಿಸುಡುತ್ತದೆ. ಅದನ್ನು ಗುಣಪಡಿಸುವ ಮಾಂತ್ರಿಕನೊಬ್ಬನಿದ್ದಾನೆಂಬ ಆಸೆಯಿಂದ ಬಾಲಕ ಕೊನೆಯವರೆಗೂ ನಡೆಯುತ್ತಾನೆ. ಕೊನೆಯಲ್ಲಿ ಅವನಿಗೆ ತಿಳಿಯುವುದು ಔಷಧವಿಲ್ಲ ಎಂಬುದು. ಪ್ರೀತಿಸಿದ ಪ್ರಾಣಿಯನ್ನು ತನ್ನ ಕೈಯಾರೆ ಬಿಟ್ಟುಕೊಡುವುದೇ ಆಟದ ಕೊನೆಯ ನಡೆ.

ಇಲ್ಲಿ ಎರಡು ಪಲಾಯನಗಳಿವೆ: ತಂದೆಯದು ಕುಡಿತಕ್ಕೆ, ಮಗನದು ಕಲ್ಪನೆಗೆ. ಮೊದಲನೆಯದರ ಬೆಲೆಯನ್ನು ತೆರುವವನು ಮಗ. ಆದ್ದರಿಂದಲೇ ಎರಡನೆಯದನ್ನು ಪಲಾಯನವೆಂದು ಕರೆಯಲು ಮನಸ್ಸೊಪ್ಪದು. ಅದು ಬಾಹುಕನ ಲಾಯದಂಥ ತಂಗುದಾಣ. ಸಂಜೆಯಾದರೆ ತಂದೆಯ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಕುಳಿತಿರುವ ಮಕ್ಕಳು ನಮ್ಮ ಊರುಗಳಲ್ಲಿಯೂ ಇದ್ದಾರೆ. ಕಾಡಿನಲ್ಲಿ ಒಂಟಿಯಾಗಿ ಎಚ್ಚೆತ್ತ ದಮಯಂತಿಯ ನೆಲೆಯಿಂದ ಹೇಳಿದ ಕಥೆ ಎಂದು ಈ ಕೃತಿಯನ್ನು ವರ್ಣಿಸಬಹುದು.

5

ಇಷ್ಟು ಹೇಳಿದ ಮೇಲೆ ಈ ಆಟಗಳ ಮಿತಿಗಳನ್ನೂ ಹೇಳಬೇಕು. ‘ಒಮೊರಿ’ಯಲ್ಲಿ ಮಾರಿ ಕೊನೆಯವರೆಗೂ ಸನ್ನಿಯ ನೆನಪಿನೊಳಗಿನ ರೂಪವಾಗಿಯೇ ಉಳಿಯುತ್ತಾಳೆ, ಅವಳದೇ ಆದ ಮಾತು ನಮಗೆ ದೊರೆಯುವುದಿಲ್ಲ. ಸತ್ಯವನ್ನು ಕೇಳಿದ ಗೆಳೆಯರ ಪ್ರತಿಕ್ರಿಯೆಯೂ ಕಥೆಯ ಹೊರಗೇ ಉಳಿಯುತ್ತದೆ. ಹೇಳುವವನ ಬಿಡುಗಡೆ ನಮಗೆ ಕಾಣುತ್ತದೆ, ಕೇಳಿದವರ ಭಾರ ಕಾಣುವುದಿಲ್ಲ. ಮೇಲಾಗಿ ವಿಡಿಯೊ ಗೇಮ್‌ನಲ್ಲಿ ತಪ್ಪಿದ ನಡೆಯನ್ನು ಹಿಂದಕ್ಕೆ ಹೋಗಿ ತಿದ್ದಿಕೊಳ್ಳುವ ಅವಕಾಶವಿದೆ, ಬದುಕಿನಲ್ಲಿ ಅದಿಲ್ಲ.

ಆದರೆ ನಳನ ಕಥೆಯೂ ಈ ವಿಷಯದಲ್ಲಿ ದೋಷಮುಕ್ತವಲ್ಲ. ದಮಯಂತಿ ನೇರವಾಗಿ ಪ್ರಶ್ನಿಸಿದಾಗ ನಳ ಮೊದಲು ಹೇಳುವುದು, ರಾಜ್ಯವನ್ನು ಕಳೆದದ್ದೂ ಅವಳನ್ನು ಬಿಟ್ಟದ್ದೂ ತಾನಲ್ಲ, ಕಲಿ ಎಂದು. ಮರುಗಳಿಗೆಯಲ್ಲಿ ಎರಡನೆಯ ಸ್ವಯಂವರದ ಬಗ್ಗೆ ಅವಳನ್ನೇ ಪ್ರಶ್ನಿಸುತ್ತಾನೆ. ಅವಳ ಶುದ್ಧತೆಗೆ ವಾಯುವೇ ಸಾಕ್ಷಿ ಹೇಳಬೇಕಾಗುತ್ತದೆ. ಅವನ ಮಾತಿಗೆ ಯಾವ ಸಾಕ್ಷಿಯನ್ನೂ ಯಾರೂ ಕೇಳುವುದಿಲ್ಲ. ತನ್ನ ಕೃತ್ಯವನ್ನು ತನ್ನದೆಂದು ಒಪ್ಪಿಕೊಳ್ಳುವ ವಿಷಯದಲ್ಲಿ ಆಸ್ಪತ್ರೆಯ ಕೋಣೆಯ ಆ ಹುಡುಗ ನಿಷಧದ ಅರಸನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಹಳೆಯ ಕೃತಿಯಿಂದ ಹೊಸದನ್ನು ಅಳೆಯುವಾಗ ಹೊಸದರಿಂದ ಹಳೆಯದನ್ನೂ ಅಳೆಯಬೇಕಾಗುತ್ತದೆ. ತೌಲನಿಕ ಅಧ್ಯಯನದ ಪ್ರಯೋಜನವೂ ಅದೇ.

ಕಥೆಯ ಕೊನೆಗೆ ನಳ ಪುಷ್ಕರನೊಡನೆ ಮತ್ತೊಮ್ಮೆ ಆಡಲು ಕೂರುತ್ತಾನೆ, ಒಂದೇ ಎಸೆತದಲ್ಲಿ ಗೆಲ್ಲುತ್ತಾನೆ, ಪುಷ್ಕರನನ್ನು ಕ್ಷಮಿಸಿ ಅವನ ಪಾಲನ್ನು ಕೊಟ್ಟು ಕಳುಹಿಸುತ್ತಾನೆ. ಆಡಲು ಕುಳಿತವನು ಈಗ ಆಟಕ್ಕೆ ಅಧೀನನಲ್ಲ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿಯೂ ಇಂಥದೇ ವಿವೇಕವೊಂದಿದೆ: ಭತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ, ಸೆರೆ ಎರಡಕ್ಕೂ ಒಂದೇ, ಒಂದು ಕಂದಿತು, ಇನ್ನೊಂದು ಉಳಿಯಿತು. ಮುಚ್ಚಿದ ಕೋಣೆ ತನ್ನಷ್ಟಕ್ಕೆ ಕೆಡಿಸುವುದೂ ಇಲ್ಲ, ಕಾಯುವುದೂ ಇಲ್ಲ. ಒಳಗೆ ಏನು ನಡೆಯುತ್ತದೆ ಎಂಬುದೇ ಮುಖ್ಯ.

ಒಟ್ಟಿನಲ್ಲಿ, ಆಟವೊಂದು ಪಲಾಯನವೇ ಅಲ್ಲವೇ ಎಂಬುದನ್ನು ಅದಕ್ಕೆ ವ್ಯಯವಾದ ಹೊತ್ತಿನಿಂದ ಅಥವಾ ಹಣದಿಂದ ಮಾತ್ರ ನಿರ್ಧರಿಸಲಾಗದು. ಮೂರು ಪ್ರಶ್ನೆಗಳನ್ನು ಕೇಳಬೇಕು. ಬಾಗಿಲಲ್ಲಿ ನಿಂತವರ ಕರೆಯನ್ನು ಆ ಆಟ ಕೇಳಗೊಡುತ್ತದೆಯೇ? ಹಿಂದೆ ಉಳಿದವರನ್ನು ಅದು ಕಾಣಿಸುತ್ತದೆಯೇ? ಕಳೆದುಕೊಂಡದ್ದರ ಲೆಕ್ಕವನ್ನು ಆಡುವವನ ಕೈಯಿಂದಲೇ ಮಾಡಿಸುತ್ತದೆಯೇ? ಇಲ್ಲವಾದರೆ ಅದು ಪುಷ್ಕರನ ಆಟ, ಹೌದಾದರೆ ದಮಯಂತಿಯದು. ಚನ್ನಗಿರಿಯ ತರುಣನ ಕೈಯಲ್ಲಿರುವ ಮೊಬೈಲ್‌ನಲ್ಲಿ ಈ ಎರಡೂ ಆಟಗಳು ಅಕ್ಕಪಕ್ಕದಲ್ಲಿಯೇ ಇವೆ. ಯಾವುದು ಯಾವುದೆಂದು ತಿಳಿಸಿಹೇಳುವ ಹೊಣೆಯನ್ನು ವೈದ್ಯರಿಗೂ ನ್ಯಾಯಾಲಯಕ್ಕೂ ಮಾತ್ರ ಬಿಡದೆ, ಆಟವೆಂಬ ಒಂದೇ ಪದದಲ್ಲಿ ದಾಳವನ್ನೂ ಕಥೆಯನ್ನೂ ಕೂಡಿಸಿಟ್ಟಿರುವ ಭಾಷೆಯ ವಿಮರ್ಶಕರೂ ಹೊರಬೇಕಾಗಿದೆ.